ಗೋಮಾಳದ ಓಪಲ್

ಓಪಲ್ ಡ್ರಿಸ್ಕಲ್ ದನಗಳ ಮುಂದೆ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಸರ್ಕಾರದವರ ಮುಂದೆ ದನಿ ಇಳಿಸಿದ್ದನ್ನೂ ಕೇಳಿಲ್ಲ. ನೆವಾಡದ ಈ ಒಣ ಕಣಿವೆಗೆ ನಾನು ಮದುವೆಯಾಗಿ ಬಂದಾಗಿನಿಂದ ಅವಳ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇರುವುದು ಒಂದೇ ಸಾಲು ಬೇಲಿಕಂಬ. ಹಾಗಾಗಿ ಕೇಳಿಸಿಕೊಳ್ಳುವುದಕ್ಕೆ ನನಗೆ ಬೇಕಾದಷ್ಟು ಕಾಲ ಸಿಕ್ಕಿದೆ.

ಕುದುರೆಯ ಮೇಲೆ ಅವಳು ಮಹಾರಾಣಿ, ನೆಲಕ್ಕಿಳಿದರೆ ಬಾತುಕೋಳಿ. ಯೌವನದಲ್ಲಿ ಮುರಿದ ಸೊಂಟ ನೆಟ್ಟಗೆ ಕೂಡಿಕೊಳ್ಳದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾ ನಡೆಯುತ್ತಿದ್ದಳು. ಮೈಮೇಲೆ ಸದಾ ಅವಳಪ್ಪನ ಕ್ಯಾನ್ವಾಸ್ ಕೋಟು. ಒಂದು ಜೇಬಿನಲ್ಲಿ ಬೇಲಿಯ ಮೊಳೆ, ಇನ್ನೊಂದರಲ್ಲಿ ಕರುಗಳ ಭೇದಿ ನಿಲ್ಲಿಸುವ ಮಾತ್ರೆ, ಆ ಮಾತ್ರೆಗಳ ನಡುವೆಯೇ ಅವಳ ಮಧ್ಯಾಹ್ನದ ಬಿಸ್ಕತ್ತು.

"ಎರಡನ್ನೂ ಒಂದೇ ಜೇಬಿಗೆ ತುಂಬ್ತೀಯಲ್ಲೇ!" ಅಂದರೆ, "ಇಷ್ಟು ವರ್ಷದಲ್ಲಿ ನನಗೆ ಹೊಟ್ಟೆ ಕೆಟ್ಟಿದ್ದು ನೋಡಿದ್ದೀಯೇನೇ ಎಫೀ?" ಎಂದು ನನ್ನನ್ನೇ ಕೇಳುವಳು.

ಯಾರು ಏನನ್ನೇ ಖಚಿತವಾಗಿ ಹೇಳಲಿ, "ಯಾರ ಲೆಕ್ಕದಲ್ಲಿ?" ಎನ್ನುವುದು ಅವಳ ಬಾಯಿಗೆ ಅಂಟಿಕೊಂಡ ಮಾತು. ಒಂದು ಭಾನುವಾರ ಪಾದ್ರಿಗಳು ಪ್ರವಚನವನ್ನು ನಿಲ್ಲಿಸಿ "ಓಪಲ್, ತಡವಾಗಿ ಬಂದೆಯಮ್ಮಾ" ಎಂದಾಗಲೂ ಅದನ್ನೇ ಅಂದಳು; ಚರ್ಚಿಗೆ ಚರ್ಚೇ ನಕ್ಕಿತು, ಪಾದ್ರಿಗಳೂ ನಕ್ಕರು.

ಸರ್ಕಾರಿ ಭೂಮಿಯ ಕಚೇರಿಯವರು ಮಾತ್ರ ನಗಲಿಲ್ಲ. ಕಣಿವೆಯ ಮೇಲಿನ ಬೆಟ್ಟವೆಲ್ಲ ಕೇಂದ್ರ ಸರ್ಕಾರದ ಗೋಮಾಳ. ಬೇಸಿಗೆಯಲ್ಲಿ ಅಲ್ಲಿ ದನ ಬಿಡಲು ಅವರ ಪರವಾನಗಿ ಬೇಕು. ಓಪಲಳ ಅಜ್ಜ ಅಲ್ಲಿ ಮೊದಲು ದನ ಬಿಟ್ಟಾಗ ಆ ಕಚೇರಿಯೇ ಹುಟ್ಟಿರಲಿಲ್ಲ. ತೊರೆಯ ದಡ ಗೊರಸಿಗೆ ಸಿಕ್ಕಿ ಕುಸಿಯುತ್ತಿದೆ, ನೀರಿನೊಳಗಿನ ಮೀನು ಅಳಿಯುತ್ತಿದೆ, ಹಿಂಡನ್ನು ಅರ್ಧಕ್ಕಿಳಿಸಿ ಎಂದು ಅವರು ಹೇಳಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ತೊರೆ ಕೆಟ್ಟಿದ್ದು ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ. ಓಪಲಳೂ ಕಂಡಿದ್ದಳು, ಅದಕ್ಕೇ ಬೇಸಿಗೆಯಿಡೀ ಬೆಟ್ಟದಲ್ಲೇ ಡೇರೆ ಹಾಕಿಕೊಂಡು, ದನಗಳಿಗೆ ನೀರು ಕುಡಿಸಿ ಕುಡಿಸಿ ಮತ್ತೆ ಮೇಲಕ್ಕೆ ಅಟ್ಟುತ್ತಿದ್ದಳು. ಆದರೆ ಹಿಂಡನ್ನು ಮಾತ್ರ ಇಳಿಸಲಿಲ್ಲ.

"ಅರ್ಧ ಹಿಂಡು ಇಟ್ಕೊಂಡು ಯಾರ ಮನೆ ಒಲೆ ಉರಿಯುತ್ತಪ್ಪಾ? ಅದಕ್ಕಿಂತ ಬಾಗಿಲು ಹಾಕು ಅಂತ ನೇರ ಹೇಳು" ಎಂದು ಆ ಕಚೇರಿಯ ಅಧಿಕಾರಿ ವೋಸ್‌ಗೆ ಹೇಳಿದಳು.

ವೋಸ್ ಕೆಟ್ಟವನಲ್ಲ. ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು, ಗಂಟಲು ಒಣಗುವಷ್ಟು ಜಗಳವಾಡಿ, ಹೊರಡುವಾಗ ಅವಳ ನೀರಿನ ಪಂಪನ್ನು ರಿಪೇರಿ ಮಾಡಿಕೊಟ್ಟು ಹೋದವನು.

"ಈ ಬೆಟ್ಟ ದೇಶದ ಎಲ್ಲರದ್ದೂ, ಓಪಲ್ ಅವರೇ."

"ಎಲ್ಲರದ್ದೂ ಅಂತೀಯ, ಹಿಮ ಬೀಳೋವಾಗ ಬಂದು ನಿಲ್ಲೋ ಒಬ್ಬನ್ನ ತೋರ್ಸು ನೋಡೋಣ."

ಜಗಳ ಕೋರ್ಟಿಗೆ ಹೋಯಿತು, ಅಲ್ಲಿ ಅವಳು ಸೋತಳು. ಬೆಟ್ಟದಲ್ಲಿರುವ ಹಿಂಡನ್ನೆಲ್ಲ ವಶಪಡಿಸಿಕೊಂಡು ಹರಾಜು ಹಾಕಬೇಕೆಂದು ಆಜ್ಞೆಯಾಯಿತು. ಸುದ್ದಿ ಹಬ್ಬಿದ್ದೇ ತಡ, ಸರ್ಕಾರವೆಂದರೆ ಆಗದ, ಬಂದೂಕು ಹೊತ್ತ ಗಂಡಸರು ಎಲ್ಲೆಲ್ಲಿಂದಲೋ ಬಂದು ಅವಳಂಗಳದಲ್ಲಿ ಇಳಿದರು.

"ತಾಯೀ, ನಿಮಗೋಸ್ಕರ ಪ್ರಾಣ ಕೊಡ್ತೀವಿ" ಎಂದ ಅವರಲ್ಲೊಬ್ಬ ಗಡ್ಡದವನು.

"ಪ್ರಾಣ ನೀನೇ ಇಟ್ಕೋ. ನಿಮ್ಮಲ್ಲಿ ಯಾರಿಗಾದ್ರೂ ಬೇಲಿ ಬಿಗಿಯೋಕೆ ಬರುತ್ತಾ?"

ಗಡ್ಡದವನು ತಿರುಗಿ ಉಳಿದವರ ಮುಖ ನೋಡಿದ, ಉಳಿದವರು ತಮ್ಮ ಬೂಟು ನೋಡಿಕೊಂಡರು.

"ಹಾಗಾದ್ರೆ ಊಟ ಮಾಡ್ಕೊಂಡು ಹೊರಡಿ. ಬಂದೂಕಿನ ಸದ್ದಿಗೆ ದನ ಬೆದರ್ತವೆ."

ಮರುವಾರ ಹೆಲಿಕಾಪ್ಟರ್ ಬಂತು. ಕಚೇರಿಯವರು ಕೂಲಿಗೆ ಕರೆತಂದ ಕುದುರೆ ಸವಾರರು ಕೆಳಗಿನಿಂದ, ಅದು ಮೇಲಿನಿಂದ, ಹಿಂಡನ್ನು ಓಡಿಸಿ ತಂದು ರಸ್ತೆ ಬದಿಯ ದೊಡ್ಡಿಗೆ ತುಂಬಿದರು. ಓಟದ ಭರದಲ್ಲಿ ತಾಯಿ ಒಂದು ಕಡೆ, ಕರು ಒಂದು ಕಡೆ. ಆ ಅಂಬಾ ಅಂಬಾ ನಮ್ಮ ಮನೆಯ ಹಿತ್ತಿಲಿಗೂ ಕೇಳುತ್ತಿತ್ತು. ದನ ಹೊಡೆದು ತಂದ ಮೇಲೆ, ಪ್ರತಿಯೊಂದು ಕರುವೂ ತನ್ನ ತಾಯಿಯನ್ನು ಮೂಸಿ ಹುಡುಕಿ ಕೆಚ್ಚಲಿಗೆ ಬಾಯಿ ಹಾಕುವವರೆಗೆ ಸವಾರರು ಹಿಂಡಿನ ಸುತ್ತ ಸುಮ್ಮನೆ ನಿಲ್ಲಬೇಕೆಂಬುದು ನಮ್ಮ ಕಡೆಯ ರಿವಾಜು. ಅದನ್ನು ಮಾಡದೆ ಮನೆಗೆ ಹೋದವನನ್ನು ಯಾರೂ ಮತ್ತೆ ಕೆಲಸಕ್ಕೆ ಕರೆಯುವುದಿಲ್ಲ. ಆದರೆ ಆವತ್ತು ಲಾರಿಗಳು ಸಾಲಾಗಿ ಬಂದು ನಿಂತಿದ್ದವು, ಕಾಯುವ ಪುರುಸೊತ್ತಿರಲಿಲ್ಲ.

ಓಪಲ್ ಕುದುರೆಯನ್ನು ದೊಡ್ಡಿಯ ಬಾಗಿಲಿಗೆ ತಂದಳು. ವೋಸ್ ಅಡ್ಡ ನಿಂತ.

"ನೀವು ಒಳಗೆ ಬರೋ ಹಾಗಿಲ್ಲ. ಕೋರ್ಟಿನ ಆಜ್ಞೆ ಇದೆ."

"ನಾನು ಬಿಡಿಸ್ಕೊಂಡು ಹೋಗೋಕೆ ಬಂದಿಲ್ಲಪ್ಪಾ. ತಾಯಿ ಕರು ಸೇರಿಸೋಕೆ ಬಂದಿದ್ದೀನಿ."

ವೋಸ್ ಉತ್ತರಿಸುವ ಮೊದಲೇ ಸವಾರರ ಮುಖಂಡ, ಐಡಹೋ ಕಡೆಯ ನರೆತ ಮೀಸೆಯವನು, ತಲೆ ತಗ್ಗಿಸಿಕೊಂಡು ಬಂದು ಅಗುಳಿ ಸರಿಸಿದ. ಅವನಿಗೂ ಆ ರಿವಾಜು ಗೊತ್ತಿತ್ತು.

ಅವಳು ಹಿಂಡಿನ ನಡುವೆ ಕುದುರೆ ನಿಲ್ಲಿಸಿ ಮಿಸುಕದೆ ಕೂತಳು. ಸವಾರರೂ ಒಬ್ಬೊಬ್ಬರಾಗಿ ಬಂದು ಅವಳ ಹಾಗೆಯೇ ಸುತ್ತ ನಿಂತರು. ಕೂಗು ಮೆಲ್ಲಮೆಲ್ಲನೆ ಇಳಿಯುತ್ತಾ ಬಂತು. ಕೊನೆಗೆ ಬಿಳಿಮುಖದ ಒಂದು ಕರು ಮಾತ್ರ ಬೇಲಿಯುದ್ದಕ್ಕೂ ಅರಚುತ್ತಾ ಓಡಾಡುತ್ತಿತ್ತು.

"ಇದರ ತಾಯಿ ಇನ್ನೂ ಮೇಲೆ ಉಳ್ಕೊಂಡಿದೆ" ಎಂದಳು. ಅಷ್ಟೇ ಹೇಳಿ, ಯಾರನ್ನೂ ಕೇಳದೆ ಬೆಟ್ಟದ ದಾರಿ ಹಿಡಿದಳು.

ಹೆಲಿಕಾಪ್ಟರಿನ ಕಣ್ಣಿಗೂ ಬೀಳದೆ ತಪ್ಪಿಸಿಕೊಂಡಿದ್ದ ಆ ಕೆಂಪು ಹಸುವನ್ನು, ಸರ್ಕಾರದ ಕೈಗೆ ಸಿಗದೆ ಉಳಿದಿದ್ದ ತನ್ನ ಒಂದೇ ಒಂದು ಹಸುವನ್ನು, ಬಿಸಿಲು ವಾಲುವ ಹೊತ್ತಿಗೆ ಅವಳೇ ಮುಂದೆ ಮಾಡಿಕೊಂಡು ಇಳಿದು ಬಂದಳು.

ವೋಸ್‌ನ ಮುಖ ಕಪ್ಪಿಟ್ಟಿತು. ತಗ್ಗಿದ ದನಿಯಲ್ಲಿ ಹೇಳಿದ: "ಇದನ್ನ ಯಾರೂ ನೋಡಿರ್ಲಿಲ್ಲ. ಮನೆಗೆ ಹೊಡ್ಕೊಂಡು ಹೋಗಬಹುದಿತ್ತಲ್ಲಾ."

"ಕರು ನಿಮ್ಮ ದೊಡ್ಡಿಲಿತ್ತು."

"ಕರೂನೂ ಕೊಡ್ತೀನಿ. ಎರಡನ್ನೂ ಕರ್ಕೊಂಡು ಹೋಗಿ. ನಾನು ನೋಡ್ಲಿಲ್ಲ ಅಂದ್ಕೊಳ್ತೀನಿ."

"ನೋಡಿದ್ದೀಯ ಮಗಾ. ನಿನ್ನ ಕೆಲಸ ನೀನು ನೆಟ್ಟಗೆ ಮಾಡು. ಬಾಗಿಲು ತೆಗಿ."

ಬಾಗಿಲು ತೆರೆಯಿತು. ಬಿಳಿಮುಖದ ಕರು ಓಡಿ ಬಂದು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯತೊಡಗಿತು. ವೋಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇನ್ನು ಲಾರಿಗೆ ಹತ್ತಿಸಬಹುದಾ, ಅಮ್ಮಾ?"

"ಅದು ಕುಡಿದು ಮುಗಿಸ್ಲಿ" ಎಂದಳು ಓಪಲ್.

ಸರ್ಕಾರ ಕಾದು ನಿಂತಿತು.

ಇಂಥವರು ಕಣಿವೆಗೊಬ್ಬರೋ ಇಬ್ಬರೋ ಇರುತ್ತಾರೆ. ಅವರ ವಾದವೆಲ್ಲ ಸರಿಯೆಂದು ಹೇಳುವಷ್ಟು ಓದು ನನಗಿಲ್ಲ. ನೆರೆಮನೆಯವರಾಗಿ ಅವರೊಡನೆ ಬಾಳುವುದು ಸುಲಭವೆಂದೂ ಹೇಳಲಾರೆ. ನ್ಯಾಯಾಧೀಶರ ಒಂದು ಸಹಿಗೆ ಅವರ ಬೆಟ್ಟ ಹೋಗಬಹುದು, ಹಿಂಡು ಹೋಗಬಹುದು. ಹೋದ ಮೇಲೂ ಆ ನೆಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಅವರ ಬಳಿಯೇ ಉಳಿದಿರುತ್ತದೆ, ಮತ್ತು ಗೆದ್ದವರು ಟೋಪಿ ತೆಗೆದು ಅದನ್ನು ಅವರಿಂದಲೇ ಕೇಳಿ ಪಡೆಯಬೇಕಾಗುತ್ತದೆ.