ತಿರುಗಿದ ಗೋಣಿಚೀಲ

ಆಲೂಗಡ್ಡೆ ಕಿತ್ತು ಮುಗಿದು, ನೆಲ ಬಿರುಕು ಬಿಡುವ ಕಾಲ. ಬೆಳಗಿನ ಹೊತ್ತಿಗೇ ಬಿಸಿಲು ಬೆನ್ನು ಸುಡುತ್ತಿತ್ತು. ಮಗ್ಗದ ಕೋಣೆಯಿಂದ ಅತ್ತಿಗೆಯ ಲಾಳಿ ಓಡುವ ಸದ್ದು ಒಂದೇ ಸಮನೆ ಬರುತ್ತಿತ್ತು. ಹಿತ್ತಲ ಮರದ ನೆರಳಿನಲ್ಲಿ ಪಂಪಿನ ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು, ಎರಡು ಇಟ್ಟಿಗೆ ಜೋಡಿಸಿಟ್ಟಷ್ಟಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯ ಪಕ್ಕೆಗೆ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದ.

ಮೇಸ್ತ್ರಿ ಅತ್ತಿಗೆ ಎಂದೇ ಕರೆಯುತ್ತಿದ್ದ ಆಕೆ ಕಂಬಳಿ ನೇಯುವವಳು. ನೇಯ್ದದ್ದೆಲ್ಲ ಮಾರಿಹೋಗುತ್ತಿತ್ತು, ಮನೆಯಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಹಾಗಾಗಿ ಮಡಚುವ ಮುಂಚೆ ಪ್ರತಿಯೊಂದರ ಅಂಚು, ಮೈ, ಮೂಲೆ ಎಲ್ಲದರ ಫೋಟೋ ತೆಗೆದು ಈ ಪೆಟ್ಟಿಗೆಗೆ ತುಂಬುತ್ತಿದ್ದಳು. ಮನೆಯ ವೈಫೈ ಮೂಲಕ ಅದರೊಳಗಿನದೆಲ್ಲ ಮಗ್ಗದ ಪಕ್ಕ ತೂಗುಹಾಕಿದ ಫೋನಿನಲ್ಲಿ ತೆರೆಯುತ್ತಿತ್ತು. ಅಗ್ಗದ ಮಾಲು. ಒಳಗೆ ಫ್ಯಾನಿಲ್ಲ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನವಾದರೆ ಕಾದ ಹೆಂಚಿನಂತಾಗಿ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಈಗ ಮಗ್ಗದ ಮೇಲಿದ್ದದ್ದು ಸ್ಟೇಷನ್ ಮಾಸ್ತರರ ಹೆಂಡತಿಯ ಕಂಬಳಿ. ಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋದದ್ದರಂತೆಯೇ ಇನ್ನೊಂದು ಬೇಕೆಂದು ಆಕೆ ಕೇಳಿದ್ದಳು. ಮೈ ಅರ್ಧ ಆಗಿತ್ತು. ಅಂಚಿನ ಚಿತ್ತಾರ ಅತ್ತಿಗೆಯ ತಲೆಯಲ್ಲೂ ಇರಲಿಲ್ಲ, ಆ ಪೆಟ್ಟಿಗೆಯೊಳಗೆ ಮಾತ್ರ ಇತ್ತು.

ಆಲೂಗಡ್ಡೆ ಕೀಳುವಾಗ ಅತ್ತಿಗೆ ಒಂದು ದಿನ ಮಗ್ಗ ನಿಲ್ಲಿಸಿ ಮೇಸ್ತ್ರಿಯ ಹೊಲದಲ್ಲಿ ಬಗ್ಗಿದ್ದಳು. ಆಳಿಗೆ ಆಳು ಕೊಡಬೇಕು. ಆ ಮುಯ್ಯಿ ಇನ್ನೂ ಹಾಗೇ ಇತ್ತು. ಪೆಟ್ಟಿಗೆ ಸರಿಮಾಡಿ ತೀರಿಸುತ್ತೇನೆ ಅಂತ ಅವನೇ ಒಪ್ಪಿಕೊಂಡು ಬಂದಿದ್ದ. ನೀರೆತ್ತುವ ಯಂತ್ರಕ್ಕೂ ಫೋಟೋ ಇಡುವ ಯಂತ್ರಕ್ಕೂ ಏನು ಮಹಾ ವ್ಯತ್ಯಾಸ, ಎರಡೂ ಕಾಯುತ್ತವೆ, ಎರಡಕ್ಕೂ ಗಾಳಿ ಬೇಕು ಅನ್ನುವುದು ಅವನ ಲೆಕ್ಕ.

ಪೆಟ್ಟಿಗೆಯಲ್ಲಿ ಎರಡು ಗೂಡು, ಒಂದರಲ್ಲಿ ಮಾತ್ರ ಫೋಟೋ ಕೂಡಿಡುವ ಡಿಸ್ಕ್ ಇತ್ತು. ಇನ್ನೊಂದಕ್ಕೆ ಹಾಕಲು ಅದೇ ಕಂಪನಿಯ ಹೊಸದನ್ನು ಅತ್ತಿಗೆ ತರಿಸಿದ್ದಳು. ಮೊದಲ ಗೂಡಿಗೆ ಹಳೆಯದು, ಎರಡನೆಯದಕ್ಕೆ ಹೊಸದು. ಮೊದಲನೆಯದರಲ್ಲಿ ಇರುವುದೆಲ್ಲ ಎರಡನೆಯದಕ್ಕೆ ನಕಲಾಗುತ್ತದೆ, ತಿರುವುಮುರುವು ಮಾಡಿದರೆ ಖಾಲಿಯೇ ನಕಲಾಗಿ ಇದ್ದದ್ದೂ ಹೋಗುತ್ತದೆ ಎಂದು ಅಂಗಡಿಯವನು ಎರಡು ಸಲ ಹೇಳಿ ಕಳಿಸಿದ್ದ.

ಮೇಸ್ತ್ರಿಯ ಪದ್ಧತಿಯೊಂದಿತ್ತು. ಬಿಚ್ಚಿದ್ದನ್ನು ಗೋಣಿಚೀಲದ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡುವುದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು. ಪಂಪು ಬಿಚ್ಚಿದರೂ ಅಷ್ಟೆ, ಬೀಗ ಬಿಚ್ಚಿದರೂ ಅಷ್ಟೆ. ಹಳೆಯ ಡಿಸ್ಕ್ ಎಡತುದಿಗೆ ಇಟ್ಟ, ಒರೆಸಿದ. ಹೊಸದನ್ನು ಬಲತುದಿಗೆ ಇಟ್ಟ, ಅದಕ್ಯಾಕೆ ಭೇದ ಎಂದು ಅದನ್ನೂ ಒರೆಸಿದ. ಮೇಲಿದ್ದ ಚೀಟಿಗಳ ಅಕ್ಷರ ಎರಡರಲ್ಲೂ ಅಳಿಸಿಹೋದವು. ಎರಡೂ ಅವಳಿ ಕರುಗಳಂತೆ ಕಾಣತೊಡಗಿದವು. ಆಮೇಲೆ ಫ್ಯಾನ್ ತರಲು ಮನೆಗೆ ಹೋದ.

ಬಂದವನೇ ಫ್ಯಾನ್ ಬಿಗಿದ, ವೈರು ಕೂಡಿಸಿದ, ಎಡದ್ದನ್ನು ಮೊದಲ ಗೂಡಿಗೂ ಬಲದ್ದನ್ನು ಎರಡನೆಯದಕ್ಕೂ ತುರುಕಿ ಸ್ವಿಚ್ ಒತ್ತಿದ. ಫ್ಯಾನ್ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ಎರಡು ದೀಪ ಮಿಣುಕಿದವು. ಅವನ ಎದೆ ಉಬ್ಬಿತು.

ಅಷ್ಟರಲ್ಲಿ ಅತ್ತಿಗೆ ನೀರಿನ ಚೊಂಬು ಹಿಡಿದು ಬಂದಳು.

"ನೀನು ಹೋದ ಮೇಲೆ ಬಿಸಿಲು ಬಿತ್ತು ಅಂತ ನಿನ್ನ ಚೀಲಾನ ಒಂದು ಕಡೆ ಹಿಡಿದು ಈಚೆಗೆ ಎಳೆದೆ ಕಣೋ. ಸುತ್ತು ತಿರುಗಿಬಿಡ್ತು. ಏನೂ ಬೀಳಲಿಲ್ಲ."

ಮೇಸ್ತ್ರಿ ವೈರನ್ನು ಬುಡಸಮೇತ ಕಿತ್ತ. ಎರಡೂ ಡಿಸ್ಕುಗಳನ್ನು ಒಟ್ಟಿಗೇ ಎಳೆದು ತೊಡೆಯ ಮೇಲೆ ಹಾಕಿಕೊಂಡ. ಆಮೇಲೆ ಹೊಳೆಯಿತು, ಯಾವುದು ಯಾವ ಗೂಡಿನದೆಂಬುದೂ ಈಗ ಹೋಯಿತು.

ಚೀಲ ತಿರುಗಿದ್ದರೆ ಎಡದ್ದು ಬಲವಾಗಿರಬೇಕು. ಆದರೆ ಮೊದಲು ತಾನು ಗೋಡೆಗೆ ಬೆನ್ನು ಹಾಕಿ ಕೂತಿದ್ದೆನೋ, ಮರಕ್ಕೋ? ಬಂದ ಮೇಲೆ? ತಾನೂ ತಿರುಗಿ ಕೂತಿದ್ದರೆ ಎಡದ್ದು ಮತ್ತೆ ಎಡವೇ. ಎದ್ದು ನಿಂತು ನೋಡಿದ. ಕೂತು ನೋಡಿದ. ಅತ್ತಿಗೆ ಗೋಡೆ ಅಂದಳು, ಆಮೇಲೆ ಅಲ್ಲ ಅಂದಳು. ಇಬ್ಬರೂ ಚೀಲದ ಸುತ್ತ ಗಾಣದೆತ್ತಿನಂತೆ ಸುತ್ತಿದರು. ಹಳೆಯದಕ್ಕೆ ವಾಸನೆ ಇರಬಹುದೆಂದು ಮೂಸಿದ. ಎರಡರಲ್ಲೂ ಸೀಮೆಎಣ್ಣೆ, ಅವನ ಕೈಯಲ್ಲೂ ಅದೇ.

"ಮೂಸೋದು ಬಿಡು, ಅದೇನು ಕಲ್ಲಂಗಡಿಯಾ," ಅಂದಳು ಅತ್ತಿಗೆ. "ಒಂದೊಂದನ್ನೇ ಹಾಕಿ ನೋಡು. ಫೋಟೋ ಬಂದದ್ದು ಹಳೇದು."

ಅಷ್ಟು ಸಣ್ಣ ಬುದ್ಧಿ ತನಗೇಕೆ ಬರಲಿಲ್ಲವೋ. ಕೈಗೆ ಸಿಕ್ಕಿದ್ದನ್ನು ಹಾಕಿ ವೈರು ಮತ್ತೆ ಸಿಕ್ಕಿಸಿದ. ಅತ್ತಿಗೆ ಮಗ್ಗದ ಪಕ್ಕದಿಂದ ತಂದ ಫೋನಿನಲ್ಲಿ ಏನೂ ಇಲ್ಲ, ಒರೆಸಿದ ಹಲಗೆಯ ಹಾಗೆ. ಇದು ಹೊಸದೇ ಇರಬಹುದು. ಅಥವಾ ಹಳೆಯದೇ, ಆಗಲೇ ಅಳಿಸಿಹೋಗಿ. ಇನ್ನೊಂದೂ ಹೀಗೇ ಬಂದರೆ ಅತ್ತಿಗೆಯ ಇಷ್ಟು ವರ್ಷದ ನೇಯ್ಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎರಡನೆಯದನ್ನು ಹಾಕಿ ಅವನು ಮುಖ ಆಚೆ ತಿರುಗಿಸಿದ. ಫ್ಯಾನ್ ಗುಂಯ್‌ಗುಡುತ್ತಲೇ ಇತ್ತು.

"ಬಂತು," ಅಂದಳು ಅತ್ತಿಗೆ.

ಸ್ಟೇಷನ್ ಮಾಸ್ತರರ ಹೆಂಡತಿಯ ಕಂಬಳಿ. ಕಪ್ಪು ಮೈ, ಅಂಚಿಗೆ ಕೆಂಪು ಮೆಟ್ಟಿಲು, ಮೆಟ್ಟಿಲಿನ ನಡುವೆ ಬಿಳಿ ಚುಕ್ಕಿ. ಅತ್ತಿಗೆ ಫೋನನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಒಳಗಿನಿಂದ ಕೆಂಪು ಉಣ್ಣೆಯ ಎಳೆ ತಂದು ಆ ಡಿಸ್ಕಿಗೆ ಬಿಗಿಯಾಗಿ ಕಟ್ಟಿದಳು. ಕೆಂಪೆಳೆಯದ್ದು ಮೊದಲ ಗೂಡಿಗೆ ಹೋಯಿತು, ಮತ್ತೊಂದು ಎರಡನೆಯದಕ್ಕೆ. ದೀಪಗಳು ಮಿಣುಕತೊಡಗಿದವು. ಮಧ್ಯಾಹ್ನ ಮಗ್ಗದ ಕೋಣೆಯ ತಗಡು ಚಟಚಟ ಅನ್ನುವಾಗಲೂ, ಒಳಗೆ ತಂದಿಟ್ಟ ಪೆಟ್ಟಿಗೆ ತಣ್ಣಗಿತ್ತು.

"ಮುಯ್ಯಿ ತೀರಿತು ಬಿಡು," ಅಂದಳು ಅತ್ತಿಗೆ, ಅಂಚಿಗೆ ಕೆಂಪು ನೂಲು ಸುತ್ತಿಕೊಳ್ಳುತ್ತ.

ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ. ತಾನು ಮೊದಲೇ ಸರಿಯಾಗಿ ಹಾಕಿದ್ದೆನೋ, ತಪ್ಪಾಗಿ ಹಾಕಿಯೂ ನಕಲು ಶುರುವಾಗುವ ಮೊದಲೇ ವೈರು ಕಿತ್ತೆನೋ, ಇನ್ನೂ ಅವನಿಗೆ ಬಗೆಹರಿದಿರಲಿಲ್ಲ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಏನು ಸಂಬಂಧ ಅಂತ ಯಾರನ್ನು ಕೇಳುವುದು?

"ನಾನು ಮಾಡಿದ್ದೋ ತಾನಾಗೇ ಆದದ್ದೋ ಗೊತ್ತಿಲ್ಲ ಅತ್ತಿಗೆ. ಗೊತ್ತಿಲ್ಲದ್ದನ್ನ ಮುಯ್ಯಿಗೆ ಹೇಗೆ ಹಿಡೀಲಿ."

ಅತ್ತಿಗೆ ಲಾಳಿ ಕೈಗೆತ್ತಿಕೊಂಡಳು. "ಹಾಗಾದ್ರೆ ಉಣ್ಣೆ ತೊಳೆಯೋ ದಿನ ಬಾ. ನಿನ್ನ ಗೋಣಿಚೀಲ ಮಾತ್ರ ಮನೇಲೇ ಬಿಟ್ಟು ಬಾ."