ಎರಡನೇ ನೋಟ

ಮಗಳು ಮೂರನೇ ಡಬ್ಬವನ್ನೂ ನೆಲಕ್ಕೆ ಸುರಿದಳು. ಗುಂಡಿ, ಸೂಜಿ, ಕಾಲೇಜಿನ ಹಳೇ ಬೀಗದ ಕೈ. ಅಮ್ಮನ ಗುರುತಿನ ಚೀಟಿ ಮಾತ್ರ ಇಲ್ಲ. ಅದಿಲ್ಲದೆ ಚಿತಾಗಾರದವರು ಒಳಗೆ ಬಿಡುವುದಿಲ್ಲ. ಸತ್ತವರೂ ತಾವು ಯಾರೆಂದು ಸಾಬೀತು ಮಾಡಬೇಕಾದ ಕಾಲ. ಹೊರಗೆ ಗಾಡಿಯ ಡ್ರೈವರ್ ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದ.

ನಾಲ್ಕನೇ ಡಬ್ಬದಿಂದ ಚೀಟಿ ಬಿತ್ತು. ಅದರ ಬೆನ್ನಿಗೇ ಒಂದು ಕಾಗದದ ಪೊಟ್ಟಣವೂ ಬಿದ್ದು ಬಿಚ್ಚಿಕೊಂಡಿತು. ರಾಜನ ಮುಖವಿದ್ದ ಬೆಳ್ಳಿ ನಾಣ್ಯವೊಂದು ಉರುಳುತ್ತ ಹೋಗಿ ಅಪ್ಪನ ಕಾಲ ಬಳಿ ಮಲಗಿತು.

ಅಪ್ಪನ ಕಸುಬು ಹಳೇ ನಾಣ್ಯಗಳ ದರ್ಜೆ ಹೇಳುವುದು. ಪೇಟೆಯಲ್ಲಿ ಅಡ್ಡಹೆಸರು ‘ಒಂದೇನೋಟ’. ಗುಮ್ಮಟದಂಥ ಭೂತಗನ್ನಡಿಯನ್ನು ನಾಣ್ಯದ ಮೇಲೇ ಕೂರಿಸಿ, ಒಮ್ಮೆ ಬಗ್ಗಿ, ‘ತೊಳೆದದ್ದು’ ಅಂದರೆ ಮುಗಿಯಿತು. ಉಜ್ಜಿ ತೊಳೆದ ನಾಣ್ಯಕ್ಕೆ ಕಾಲುಭಾಗ ಬೆಲೆಯೂ ಹುಟ್ಟದು. ಇನ್ನೊಮ್ಮೆ ನೋಡಿ ಎಂದು ಗೋಗರೆದವರಿಗೆ, “ಎರಡನೇ ನೋಟ ಕಣ್ಣು ಕಾಣದವರಿಗೆ” ಎನ್ನುತ್ತಿದ್ದರು.

ಅಮ್ಮನ ತಮ್ಮ ಆ ಕಾಗದ ಎತ್ತಿಕೊಂಡ.

“ಈ ನಾಣ್ಯ ನಮ್ಮಜ್ಜ ಅಕ್ಕನಿಗೆ ಕೊಟ್ಟದ್ದು. ಭಾವ, ಇದು ನಿಮ್ಮ ಅಕ್ಷರ ತಾನೆ? ‘ತೊಳೆದದ್ದು. ಬರೀ ತೂಕದ ಬೆಲೆ.’”

*

ಮದುವೆಯಾದ ಹತ್ತನೇ ದಿನ ಅಮ್ಮ ಆ ನಾಣ್ಯವನ್ನು ಮೇಜಿನ ಮೇಲಿಟ್ಟಿದ್ದಳು. ಭೂತಗನ್ನಡಿಯ ಗಾಜನ್ನು ಅಂಗಿಯ ಚುಂಗಿನಿಂದ ಗಸಗಸ ಒರೆಸಿ ಗಂಡ ಬಗ್ಗಿ ನೋಡಿದರು.

“ತೊಳ್ದಿದ್ದೀಯ.”

“ಇಲ್ಲ. ಮುಟ್ಟೂ ಇಲ್ಲ.”

“ಲ್ಯಾಬಿನಲ್ಲಿ ದಿನಾ ಆಸಿಡ್ ಹಾಕಿ ಗಾಜು ತಿಕ್ಕೋಳು, ಬೆಳ್ಳೀನ ಬಿಡ್ತೀಯಾ? ಮೈತುಂಬ ಗೀರು. ಗೀರು ಸುಳ್ಳು ಹೇಳಲ್ಲ ಕಣೇ.”

ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾರೆಂದು ಅವಳು ಕೇಳಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಗಾಜಿನ ಕೊಳವೆ ತೊಳೆದಳು. ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡದೆ ಒಂದನ್ನೂ ಕಪಾಟಿಗೆ ಏರಿಸಿದವಳಲ್ಲ. ಮನೆಯಲ್ಲಿ ಗಂಡನಿಗೆ ದಿನಾ ಒಂದೇ ಮಾತು: “ರೀ, ಅಂಗಿ ಚುಂಗಲ್ಲಿ ಗಾಜು ಒರೆಸ್ಬೇಡಿ.” ಪಾಪ, ಅಂಗಿಯ ಚಿಂತೆ ಎಂದುಕೊಂಡು ಅವರು ಹಳೇ ಅಂಗಿಯಲ್ಲಿ ಒರೆಸತೊಡಗಿದರು.

*

“ಇನ್ನೊಂದ್ಸಲ ನೋಡಿ ಭಾವ,” ಎಂದ ತಮ್ಮ. “ನಮ್ಮಕ್ಕ ಸುಳ್ಳಿ ಅನ್ನಿಸ್ಕೊಂಡೇ ಗಾಡಿ ಹತ್ಬೇಕಾ?”

“ಇವತ್ತು ಇದೆಲ್ಲ ಬೇಕೇನಯ್ಯ?”

“ಇವತ್ತು ಬಿಟ್ರೆ ಅವಳಿಗೆ ಇನ್ಯಾವತ್ತಿದೆ?”

ಅಷ್ಟರಲ್ಲಿ ಅಂತಿಮ ದರ್ಶನಕ್ಕೆ ಬಂದಿದ್ದ ನಾಣ್ಯದಂಗಡಿಯ ವ್ಯಾಪಾರಿ ಹೂವಿನ ಹಾರವನ್ನು ಪಕ್ಕದವರ ಕೈಗೆ ತುರುಕಿ ನಾಣ್ಯ ಎತ್ತಿಕೊಂಡಿದ್ದ. ಬೆಳಕಿಗೆ ವಾಲಿಸಿದ. ಹೊಳಪು ಬಂಡಿಯ ಗಾಲಿಯಂತೆ ಸುತ್ತಿತು.

“ಅಯ್ಯೋ ದೇವ್ರೇ. ಉಜ್ಜಿದ್ರೆ ಹೊಳಪು ಹಿಂಗೆ ಸುತ್ತಲ್ಲ.”

ಅಳುತ್ತಿದ್ದವರು ಅಳುವನ್ನು ಅಲ್ಲಲ್ಲೇ ನಿಲ್ಲಿಸಿ ಮೇಜನ್ನು ಮುತ್ತಿದರು. ಹಿಂದಿನವರು ಮುಂದಿನವರ ಹೆಗಲೇರಿದರು. ಒಂದೇನೋಟ ನಾಣ್ಯವನ್ನು ಮೇಜಿನ ಮೇಲಿಟ್ಟು, ಅದೇ ಹಳೇ ಭೂತಗನ್ನಡಿಯನ್ನು ಅದರ ಮೇಲೆ ಕೂರಿಸಿದರು.

“ಇದೆ. ಬೇಕಾದಷ್ಟಿದೆ ಗೀರು. ನೋಡ್ಕೊಳ್ಳಿ.”

ಮಗಳು ಬಗ್ಗಿದಳು. ಇತ್ತು, ಮಳೆ ಸುರಿದ ಹಾಗೆ. ಅವಳು ಉಗುರಿನಿಂದ ನಾಣ್ಯವನ್ನು ಗಾಜಿನಡಿಯಲ್ಲೇ ಮೆಲ್ಲಗೆ ತಿರುಗಿಸಿದಳು.

“ಅಪ್ಪ, ರಾಜ ತಲೆಕೆಳಗಾದ. ಗೀರು ಯಾಕೆ ಅಲ್ಲೇ ಇದೆ?”

ವ್ಯಾಪಾರಿ ಗಾಜನ್ನು ಕಿತ್ತು, ಬುಡ ಮೇಲೆ ಮಾಡಿ ಬೆಳಕಿಗೆ ಹಿಡಿದ. ಮಳೆಯೆಲ್ಲ ಗಾಜಿನ ಮೇಲೇ ಇತ್ತು.

“ಅಂಗಿ ಚುಂಗು,” ಎಂದಳು ಮಗಳು. “ಅಮ್ಮ ದಿನಾ ಹೇಳ್ತಿದ್ಲು.”

ಮನೆ ಗೊಲ್ಲೆಂದಿತು. “ನಮ್ಮಕ್ಕ ತೊಳ್ದಿಲ್ಲ!” ಎಂದು ತಮ್ಮ ಕುಣಿದೇಬಿಟ್ಟ, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೂಲೆಯಲ್ಲಿದ್ದ ಪಕ್ಕದ ಮನೆಯಾಕೆ, “ಹಂಗಾದ್ರೆ ನಮ್ಮ ಮಾವನ ಎಂಟು ನಾಣ್ಯ? ತೊಳೆದದ್ದು ಅಂದ್ರಿ, ಈ ಅಂಗಡಿಯವ್ರು ತೂಕಕ್ಕೆ ತಗೊಂಡ್ರು,” ಎಂದಳು. ವ್ಯಾಪಾರಿಗೆ ತಟಕ್ಕನೆ ದುಃಖ ಉಮ್ಮಳಿಸಿ ಬಂತು. ಸಾವಿನ ಮನೆಯಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಒಂದೇನೋಟ ಅಭ್ಯಾಸಬಲದಿಂದ ಗಾಜು ತೆಗೆದುಕೊಂಡು ಅಂಗಿಯ ಚುಂಗೆತ್ತಿದರು. ಕೈ ಅರ್ಧದಲ್ಲೇ ನಿಂತಿತು. ಗಾಜನ್ನು ಮೇಜಿನ ಮೇಲಿಟ್ಟು, ನಾಣ್ಯವನ್ನು ಕಿಟಕಿಯ ಬಳಿ ಮಲಗಿಸಿದ್ದ ಹೆಂಡತಿಯ ಅಂಗೈಯಲ್ಲಿಟ್ಟರು. ಕಿಟಕಿಯ ಪರದೆ ಸರಿಸಿ, ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು.

“ಕೆನ್ನೆ ಮೇಲೆ ಈ ಸುಟ್ಟ ಕಲೆ... ಯಾವಾಗ ಆಯ್ತು?”

“ಲ್ಯಾಬಿನಲ್ಲಿ, ಆಸಿಡ್ ಹಾರಿದ್ದಂತೆ. ನಾನು ಹುಟ್ಟೋ ಮುಂಚೆ, ಅಪ್ಪ.”

ಡ್ರೈವರ್ ಮೂರನೇ ಹಾರ್ನ್ ಹೊಡೆದ. ಒಂದೇನೋಟ ಬರಿಗಣ್ಣಲ್ಲಿ ಆ ಮುಖ ನೋಡಿದರು. ಆಮೇಲೆ, ಬೆಳಕು ಬೀಳುವ ಕಡೆಗೆ ಕತ್ತು ವಾಲಿಸಿ, ಇನ್ನೊಮ್ಮೆ ಬಗ್ಗಿದರು.