ಪ್ರಾರ್ಥನೆಯ ಚೀಟಿಯಲ್ಲಿ ಗಾಯಕಿಯ ಹೆಸರು

ಹೆಸರುವಾಸಿಯಾದವರು ಟಿ.ವಿ.ಯಲ್ಲಿ ಏನು ಹೇಳಿದರೂ ನಮ್ಮ ಬೀದಿಯಲ್ಲಿ ವಾರಗಟ್ಟಲೆ ಅದರದೇ ಮಾತು. ಗಾಯಕಿ ಅರಾಸೆಲಿ ಮೊಂತೆರೊ ತಾನು ಒಬ್ಬ ಹೆಂಗಸನ್ನು ಪ್ರೀತಿಸುತ್ತೇನೆ, ಆರು ವರ್ಷದಿಂದ ಅವಳ ಜೊತೆಯೇ ಬಾಳುತ್ತಿದ್ದೇನೆ ಎಂದಾಗಲೂ ಹಾಗೇ ಆಯಿತು. ಅರಾಸೆಲಿ ನಮ್ಮ ಇಲೊಯಿಲೊ ಊರಿನ ಕಡೆಯವಳೇ. ಮೀನು ಮಾರುಕಟ್ಟೆಯಲ್ಲಿ ಕೆಲವರು ನಕ್ಕರು, ಕೆಲವರು ಬೈದರು. ನಮ್ಮ ಬೀದಿಯ ಪರ್ಪೆತುವಾಗೆ ಮಾತ್ರ ನಿಜವಾಗಿ ಸಂಕಟವಾಯಿತು. ಇಪ್ಪತ್ತು ವರ್ಷ ಅರಾಸೆಲಿಯ ಹಾಡು ಕೇಳುತ್ತಲೇ ಅಡುಗೆ ಮಾಡಿದವಳು ಅವಳು.

ಮನೆಯಿಂದ ಮನೆಗೆ ಸಾಗುವ ಮೇರಿ ಮಾತೆಯ ಮೂರ್ತಿ ಮೂರು ವಾರದ ನಂತರ ಒಂದು ಶನಿವಾರ ಮಧ್ಯಾಹ್ನ ಪರ್ಪೆತುವಾಳ ಮನೆಗೆ ಬಂದಿತ್ತು. ಜಪಸರ ಮುಗಿದ ಮೇಲೆ, ಹೆಂಗಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ ಕೋರಿಕೆಗಳನ್ನು ಒಬ್ಬರು ಓದುವುದು ರೂಢಿ. ಬರೆದವರ ಹೆಸರು ಇರುವುದಿಲ್ಲ. ಓದಲು ಕೂತವಳು ಪರ್ಪೆತುವಾಳ ಮಗಳು ಲೊರೆಲಿ, ಶಿಶುವಿಹಾರದ ಟೀಚರ್.

ಯಾರದೋ ಮಂಡಿನೋವು. ಯಾರದೋ ಹಡಗಿನಲ್ಲಿರುವ ಗಂಡ. ಮೂರನೆಯ ಚೀಟಿ ಬಿಡಿಸಿ ಲೊರೆಲಿ ತಡೆದಳು. ಅಮ್ಮನ ಕೈಬರಹ ಅವಳಿಗೆ ಗೊತ್ತಿತ್ತು.

"ಅರಾಸೆಲಿಗೆ ಅಂಟಿದ ರೋಗ ವಾಸಿಯಾಗಲಿ. ಅಂಥವರ ನೆರಳು ನಮ್ಮ ಮಕ್ಕಳ ಮೇಲೆ ಬೀಳದಿರಲಿ," ಎಂದು ಓದಿದಳು.

"ಮಾತೆಯೇ, ನಮ್ಮ ಮೊರೆಯನ್ನು ಆಲಿಸು," ಎಂದರು ಎಲ್ಲರೂ. ಪರ್ಪೆತುವಾಳ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು.

ಲೊರೆಲಿ ಚೀಟಿ ಮಡಿಸಿದಳು. "ಅಮ್ಮಾ, ಆ ನೆರಳೇನೂ ಹೊರಗಿಂದ ಬರಬೇಕಾಗಿಲ್ಲ. ನಾನೂ ಅಂಥೋಳೇ," ಎಂದು ಒಳಕೋಣೆಗೆ ಹೋದಳು.

ತಟ್ಟೆಯಲ್ಲಿದ್ದ ಅಂಟಕ್ಕಿಯ ಕಡುಬನ್ನು ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಒಳಗೆ ಬೀರುವಿನ ಬಾಗಿಲು ತೆರೆದ ಸದ್ದು, ಚೀಲದ ಜಿಪ್ಪಿನ ಸದ್ದು. ಐದು ಗಂಟೆಗೆ ಸಮುದ್ರದಾಚೆಯ ಬಾಕೊಲೋದ್ ಊರಿಗೆ ಹಡಗಿದೆ ಎಂಬುದು ಪರ್ಪೆತುವಾಗೆ ನೆನಪಾಯಿತು.

ಆರೋಗ್ಯ ಕಾರ್ಯಕರ್ತೆ ದೀತಾಸ್ ಒಬ್ಬಳೇ ಉಳಿದಿದ್ದಳು.

"ಎಲ್ಲಾ ಆ ಹಾಡುಗಾರ್ತಿಯಿಂದ. ಅವಳು ಬಾಯಿ ಮುಚ್ಕೊಂಡಿದ್ರೆ ನನ್ನ ಮಗಳ ತಲೆಗೆ ಇದು ಬರ್ತಿರ್ಲಿಲ್ಲ," ಎಂದಳು ಪರ್ಪೆತುವಾ.

"ಇಪ್ಪತ್ತು ವರ್ಷ ಅವಳ ಹಾಡು ಕೇಳಿದೀಯಲ್ಲಕ್ಕ, ನಿನಗೆ ಅವಳ ಕಂಠ ಬಂತಾ?"

ಪರ್ಪೆತುವಾ ನಗಲಿಲ್ಲ. ದೀತಾಸ್ ಪಕ್ಕಕ್ಕೆ ಬಂದು ಕೂತಳು. ಇದು ರೋಗವಲ್ಲ, ಜಗತ್ತಿನ ವೈದ್ಯರೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದು ಮೂವತ್ತು ವರ್ಷದ ಮೇಲಾಯಿತು ಎಂದಳು. ಅರಾಸೆಲಿ ಮಾತಾಡಿದ ಮೇಲೆ, ವರ್ಷಗಟ್ಟಲೆ ಒಳಗೇ ಬೆಂದ ಇಬ್ಬರು ಆರೋಗ್ಯ ಕೇಂದ್ರಕ್ಕೆ ಬಂದು ಬಾಯಿ ಬಿಟ್ಟಿದ್ದರು. ಇಂಥವರನ್ನು ಕೆಲಸದಿಂದ, ಬಾಡಿಗೆ ಮನೆಯಿಂದ ಹೊರಹಾಕಬಾರದು ಎಂಬ ಊರಿನ ಕಾಯ್ದೆಯ ಕರಡು ಎಷ್ಟೋ ಕಾಲದಿಂದ ಮೂಲೆಗೆ ಬಿದ್ದಿತ್ತು. ಈಗ ಪುರಸಭೆಯವರು ಅದನ್ನು ಹೊರತೆಗೆದಿದ್ದಾರೆ ಎಂದೂ ಹೇಳಿದಳು.

"ಅಷ್ಟು ಅವಳಿಂದ ಆಯ್ತು. ಮುಂದಿನದು ಅವಳ ಕೈಲಾಗಲ್ಲ. ಊರು ಬೈದ್ರೆ ಅವಳು ಗೇಟು ಹಾಕ್ಕೋತಾಳೆ. ಲೊರೆಲಿಗೆ ಇರೋ ಗೇಟು ನೀನೊಬ್ಬಳೇ ಅಕ್ಕ."

ಮೂರು ವಾರದಿಂದ ತಾನು ಆಡಿದ್ದೆಲ್ಲ ಪರ್ಪೆತುವಾಗೆ ಒಂದೊಂದಾಗಿ ನೆನಪಿಗೆ ಬಂತು. ಊಟದ ಹೊತ್ತಿನಲ್ಲಿ ಟಿ.ವಿ.ಗೆ ಥೂ ಎಂದದ್ದು, ಹೆತ್ತವರು ಇವಳನ್ನು ಹುಟ್ಟಿದಾಗಲೇ ಹೊಳೆಗೆ ಬಿಡಬೇಕಿತ್ತು ಎಂದದ್ದು. ಆಗೆಲ್ಲ ಲೊರೆಲಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಮಗಳಿಗೆ ಕೆಲಸದಲ್ಲಿ ಎಷ್ಟು ಶ್ರದ್ಧೆ ಎಂದು ತಾಯಿ ಮೆಚ್ಚಿಕೊಂಡಿದ್ದಳು.

ಲೊರೆಲಿ ಚೀಲ ಹೆಗಲಿಗೇರಿಸಿ ಹೊರಬಂದಳು. "ಸೋಮವಾರದೊಳಗೆ ಶಾಲೇಲೂ ಗೊತ್ತಾಗುತ್ತೆ. ನಾನಿಲ್ಲಿದ್ದು ನೀನು ತಲೆ ತಗ್ಗಿಸೋದು ಬೇಡ."

ಪರ್ಪೆತುವಾ ಬಾಗಿಲಿಗೆ ಅಡ್ಡ ನಿಂತಳು.

"ನಂಗಿದು ಪೂರ್ತಿ ಅರ್ಥ ಆಗಿಲ್ಲ, ಮಗಳೇ. ಸುಳ್ಳು ಹೇಳಲ್ಲ. ಆದ್ರೆ ಹೊಳೆಗೆ ಬಿಡೋ ಮಾತು ಆಡಿದ ಬಾಯಿ ಇದೇ. ಸೋಮವಾರ ನಿನ್ನ ಜೊತೆ ಶಾಲೆಗೆ ಬರ್ತೀನಿ. ಕೇಳೋರು ಈ ಬಾಯನ್ನೇ ಕೇಳ್ಲಿ."

ಲೊರೆಲಿ ಚೀಲವನ್ನು ಕುರ್ಚಿಯ ಮೇಲಿಟ್ಟಳು. ಅದರ ಪಟ್ಟಿಯನ್ನು ಮಾತ್ರ ತುಂಬ ಹೊತ್ತು ಬಿಡಲಿಲ್ಲ. ಐದರ ಹಡಗು ಹೊರಟುಹೋಯಿತು.

ಸೋಮವಾರ ತಾಯಿ ಮಗಳು ಶಾಲೆಯ ದಾರಿಯಲ್ಲಿ ಜೊತೆಯಾಗಿ ನಡೆದರು. ಮುಖ್ಯೋಪಾಧ್ಯಾಯಿನಿಯ ಬಾಗಿಲು ತಟ್ಟಿದವಳು ಪರ್ಪೆತುವಾ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ನಾಳೆ ಇನ್ನೊಬ್ಬ ನಟ, ಇನ್ನೊಬ್ಬ ಆಟಗಾರ್ತಿ ತಮ್ಮ ಪ್ರೀತಿಯ ಬಗ್ಗೆ ಧೈರ್ಯವಾಗಿ ಹೇಳಿಕೊಂಡಾರು. ಟಿ.ವಿ. ಮುಂದೆ ಬಾಯಿ ತೆರೆಯುವ ಮೊದಲು ಮನೆಯವರ ಮುಖಗಳನ್ನು ಒಮ್ಮೆ ನೋಡಿ. ನೀವು ಬೈದದ್ದು ಆ ದೊಡ್ಡವರ ಕಿವಿಗೆ ಬೀಳುವುದಿಲ್ಲ. ನಿಮ್ಮ ಜೊತೆ ಊಟಕ್ಕೆ ಕೂತ ಮಗುವಿನ ಕಿವಿಗೆ ಬೀಳುತ್ತದೆ.